ಪ್ರಮಾದವೆಂಬ ಆರನೇ ಮೆಟ್ಟಿಲು

ಬೆಳಗಾದರೆ ಲ್ಯಾಬ್ ರೆಕಾರ್ಡ್ ಒಪ್ಪಿಸಬೇಕು. ಅಂಥ ರಾತ್ರಿ ಪುತ್ತಿಗೆ ಆಸುಪಾಸಿನ ಯಾವುದಾದರೂ ಹಾಸ್ಟೆಲ್ ಕೋಣೆಗೆ ಇಣುಕಿದರೆ ಕಾಣುವ ದೃಶ್ಯ ಇದು: ಪೆನ್ಸಿಲ್ ಮೂರು ಸಲ ಚೂಪಾಗಿದೆ, ಮೇಜು ಒರೆಸಿಯಾಗಿದೆ, ಒಗೆದ ಬಟ್ಟೆ ಎಂದಿಲ್ಲದ ಶಿಸ್ತಿನಲ್ಲಿ ಮಡಚಿ ಕೂತಿದೆ. ರೆಕಾರ್ಡಿನ ಮೊದಲ ಪುಟದಲ್ಲಿ ಮಾತ್ರ ಏಳು ಪ್ರಯೋಗಗಳ ಮುಂದೆ ಸಹಿಯ ಕಾಲಂ ಖಾಲಿ. ತುಳುವಿನಲ್ಲಿ ಇದಕ್ಕೆ ಎರಡೇ ಪದ ಸಾಕು: ‘ಎಲ್ಲೆ ಮಲ್ಪುಗ’. ನಾಳೆ ಮಾಡುವ.

ಆ ಕೋಣೆಯ ವಿದ್ಯಾರ್ಥಿಯನ್ನು ಸೋಮಾರಿ ಎಂದುಬಿಡುವುದು ಸುಲಭ. ಆದರೆ ಸೋಮಾರಿ ಮೇಜು ಒರೆಸುವುದಿಲ್ಲ.

ಈ ವ್ಯತ್ಯಾಸ ಗೀತೆಗೆ ಗೊತ್ತಿತ್ತು. ಹದಿನೆಂಟನೇ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣ ಹೇಳುವಾಗ ಅದು ‘ಅಲಸ’ನನ್ನೂ ‘ದೀರ್ಘಸೂತ್ರಿ’ಯನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಇಬ್ಬರ ನಡುವೆ ಕೂತಿರುವ ಪದ ‘ವಿಷಾದಿ’. ಮನಸ್ಸು ಕುಗ್ಗಿದವನೇ ಕೆಲಸವನ್ನು ನೂಲಿನಂತೆ ಎಳೆಯುತ್ತಾನೆ ಎಂದು ಓದಿಕೊಂಡರೆ ತಪ್ಪಾಗಲಾರದು. ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಕೂತು 2013ರಲ್ಲಿ ಮಂಡಿಸಿದ ವಾದವೂ ಇದರ ನೆಂಟನೇ. ಕೆಲಸ ಹುಟ್ಟಿಸುವ ಭಯ, ಕಿರಿಕಿರಿಗಳಿಂದ ಸದ್ಯಕ್ಕೆ ಪಾರಾಗುವ ಉಪಾಯವೇ ಮುಂದೂಡುವುದು. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರೆ ಅದು ವಾಸಿಯಾಗುವುದಿಲ್ಲ.

ಪುತ್ತಿಗೆಯವರು ಇದನ್ನು ತಿಳಿಯಲು ಕೆನಡಾದ ತನಕ ಹೋಗಬೇಕಿಲ್ಲ. ಚೌಟ ಅರಸರು ಪುತ್ತಿಗೆಯಿಂದ ರಾಜಧಾನಿ ಎತ್ತಿ ಹೋಗಿ ನೆಲೆಸಿದ್ದು ಪಕ್ಕದ ಮೂಡುಬಿದಿರೆಯಲ್ಲಿ. ಹದಿನೆಂಟು ಬಸದಿಗಳ ಆ ಜೈನಕಾಶಿಯಲ್ಲಿ ಈ ರೋಗಕ್ಕೆ ಶಾಸ್ತ್ರದ ಹೆಸರೇ ಇದೆ: ಪ್ರಮಾದ. ಇಂದು ನಾವು ಪ್ರಮಾದ ಎಂದರೆ ದೊಡ್ಡ ತಪ್ಪು, ಅನಾಹುತ ಎಂದುಕೊಳ್ಳುತ್ತೇವೆ. ಜೈನರಲ್ಲಿ ಹಳೆಯ ಅರ್ಥ ಉಳಿದಿದೆ: ಮಾಡಬೇಕಾದ್ದು ಗೊತ್ತಿದ್ದೂ ಮೈಮರೆಯುವುದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಕರ್ಮಬಂಧದ ಐದು ಕಾರಣಗಳಲ್ಲಿ ಇದನ್ನೂ ಸೇರಿಸುತ್ತದೆ. ಚಾವುಂಡರಾಯನ ಗುರು ನೇಮಿಚಂದ್ರರು ಗೊಮ್ಮಟಸಾರದಲ್ಲಿ ಇದರ ಹದಿನೈದು ಬಗೆ ಹೇಳಿದ್ದಾರೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ದೆ, ಸ್ನೇಹ. ವಿಕಥೆ ಎಂದರೆ ಹೆಣ್ಣು, ಊಟ, ದೇಶ, ರಾಜ ಇವುಗಳ ಸುತ್ತ ಸುತ್ತುವ ಹರಟೆ. ಕ್ರಿಕೆಟ್ ಒಂದನ್ನು ಸೇರಿಸಿಬಿಟ್ಟರೆ ಹಾಸ್ಟೆಲ್ ವಾಟ್ಸ್‌ಆ್ಯಪ್ ಗ್ರೂಪಿನ ಪಟ್ಟಿ ಪೂರ್ತಿಯಾಯಿತು!

ಕುಂದಕುಂದರ ಸಮಯಸಾರದಲ್ಲಿ ಬಂಧದ ಕಾರಣ ನಾಲ್ಕೇ. ಪ್ರಮಾದಕ್ಕೆ ಅಲ್ಲಿ ಪ್ರತ್ಯೇಕ ಪೀಠವಿಲ್ಲ. ಕಷಾಯದೊಳಗೆ, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳೊಳಗೆ ಅದೂ ಅಡಗಿದೆ ಎಂದು ಓದಬಹುದು. ವಿದ್ಯಾರ್ಥಿಯ ಮಟ್ಟಿಗೆ ಈ ಲೆಕ್ಕವೇ ಹೆಚ್ಚು ಸರಿ. ‘ಚೆನ್ನಾಗಿ ಬರದಿದ್ದರೆ ಮಾನ ಹೋದೀತು’ ಎಂಬ ಅಳುಕೇ ಎಷ್ಟೋ ಪ್ರಾಜೆಕ್ಟ್ ರಿಪೋರ್ಟುಗಳ ಮೊದಲ ಪುಟವನ್ನು ಖಾಲಿ ಉಳಿಸಿದೆ.

ಹಾಗಾದರೆ ಮುಂದೂಡುವುದು ಪಾಪವೇ?

ಜೈನರ ಲೆಕ್ಕದಲ್ಲಿ ಆತ್ಮ ಏರಬೇಕಾದ ಮೆಟ್ಟಿಲುಗಳು, ಅಂದರೆ ಗುಣಸ್ಥಾನಗಳು, ಹದಿನಾಲ್ಕು. ಆರನೆಯದರ ಹೆಸರು ಪ್ರಮತ್ತಸಂಯತ. ಆ ಮೆಟ್ಟಿಲಲ್ಲಿ ನಿಂತವನು ಯಾರೋ ಪಾಪಿ ಎಂದುಕೊಳ್ಳಬೇಡಿ, ಮಹಾವ್ರತ ಹಿಡಿದ ಮುನಿ! ಮನೆಮಠ ಬಿಟ್ಟು ಬಂದವನನ್ನೂ ಪ್ರಮಾದ ಬಿಟ್ಟಿಲ್ಲ. ಎಚ್ಚರವಾದಾಗ ಏಳಕ್ಕೆ ಏರುತ್ತಾನೆ, ಮತ್ತೆ ಆರಕ್ಕೆ ಜಾರುತ್ತಾನೆ, ಮತ್ತೆ ಏರುತ್ತಾನೆ. ಏಳರಲ್ಲಿ ಅವನು ಒಮ್ಮೆಗೆ ನಿಲ್ಲುವುದು ಅಂತರ್ಮುಹೂರ್ತ ಕಾಲ, 48 ನಿಮಿಷಕ್ಕೂ ಕಡಿಮೆ. ಶ್ರಾವಕರು, ಅಂದರೆ ಗೃಹಸ್ಥ ಜೈನರು, ಸಾಮಾಯಿಕವೆಂಬ ಧ್ಯಾನಕ್ಕೆ ಕೂರುವ ರೂಢಿಯ ಅವಧಿಯೂ 48 ನಿಮಿಷವೇ. ಸೋಮವಾರದಿಂದ ದಿನಕ್ಕೆ ಹತ್ತು ಗಂಟೆ ಓದುತ್ತೇನೆಂದು ಸಂಕಲ್ಪ ಮಾಡಿ, ಮಂಗಳವಾರ ತಪ್ಪಿಸಿ, ಬುಧವಾರದಿಂದ ತಮ್ಮನ್ನೇ ಶಪಿಸಿಕೊಳ್ಳುತ್ತ ಮಲಗುವವರು ಈ ಗಣಿತವನ್ನೊಮ್ಮೆ ನೋಡಬೇಕು.

ಮೂಡುಬಿದಿರೆಯೇ ಒಮ್ಮೆ ದೀರ್ಘಸೂತ್ರಕ್ಕೆ ಸಿಕ್ಕಿತ್ತು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ, ಧವಳಾ ಎಂಬ ಜೈನ ಶಾಸ್ತ್ರಟೀಕೆಯ ತಾಳೆಗರಿಗಳು ಉಳಿದುಬಂದದ್ದು ಇಲ್ಲಿನ ಗುರುಬಸದಿಯಲ್ಲಿ. ತಲೆಮಾರುಗಳ ಕಾಲ ಅವುಗಳಿಗೆ ಪೂಜೆ, ದರ್ಶನ ನಡೆಯಿತು, ಓದು ನಡೆಯಲಿಲ್ಲ. ಭಕ್ತಿಯೂ ಮುಂದೂಡಲು ಒಳ್ಳೆಯ ನೆಪವೇ. ಹಳೆಯ ಕನ್ನಡ ಲಿಪಿಯಿಂದ ಪ್ರತಿ ಮಾಡುವ ಕೆಲಸ ಶುರುವಾದದ್ದು 1896ರ ಸುಮಾರಿಗೆ, ಮುಗಿಯಲು ವರ್ಷಗಟ್ಟಲೆ ಹಿಡಿಯಿತು. ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪ್ರಮತ್ತಸಂಯತನ ವಿವರಣೆ ಇರುವುದು ಅದೇ ಸಂಪುಟದಲ್ಲಿ.