ಕಸದ ಹಣ ಕಟ್ಟದಿದ್ದರೆ ಪಾಪವೇ?

ಒಂದು ಭಾನುವಾರ ಎರಡನೇ ಪೂಜೆ ಮುಗಿಸಿ ಹೊರಬರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. “ಫಾದರ್, ಕಸದ ಗಾಡಿ ವಾರಕ್ಕೆ ಎರಡು ಸಲವೂ ಬರುವುದಿಲ್ಲ. ಕಂದಾಯದ ಜೊತೆ ಕಸದ ಶುಲ್ಕ ಮಾತ್ರ ತಪ್ಪದೆ ಕೇಳುತ್ತಾರೆ. ಈ ಸಲ ಆ ಹಣ ಕಟ್ಟಬಾರದು ಅಂತಿದ್ದೇನೆ. ಇದು ಪಾಪವೇ?” ನಕ್ಕು ಜಾರಿಕೊಳ್ಳಬಹುದಿತ್ತು. ಆದರೆ ಅವರು ಜೀವಮಾನದಲ್ಲಿ ಯಾರ ಬಾಕಿಯನ್ನೂ ಉಳಿಸಿಕೊಂಡವರಲ್ಲ. ಅಂಥವರ ಮನಸ್ಸಾಕ್ಷಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಸೆಮಿನರಿಯಲ್ಲಿ ಹಳೆಯ ನೀತಿಶಾಸ್ತ್ರದ ಗ್ರಂಥಗಳನ್ನು ಓದುವಾಗ ಒಂದು ವಾದ ಕಂಡಿದ್ದೆ. ಕೆಲವು ಕಾನೂನುಗಳು ಬರೀ ದಂಡದ ಕಾನೂನುಗಳಂತೆ; ಮೀರಿದರೆ ಪಾಪವಿಲ್ಲ, ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು. ತೆರಿಗೆಗಳನ್ನೂ ಈ ಪಟ್ಟಿಗೆ ಸೇರಿಸಿದವರಿದ್ದರು. ಬಹಳ ಅನುಕೂಲವಾದ ವಾದ! ನನಗದು ಅಂದೂ ರುಚಿಸಲಿಲ್ಲ, ಇಂದೂ ರುಚಿಸುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ಕೊಡುಕೊಳ್ಳುವವರ ನಡುವಿನ ನ್ಯಾಯವನ್ನೂ ಸಮಾಜದೊಳಗಿನ ಹಂಚಿಕೆಯ ನ್ಯಾಯವನ್ನೂ ಬೇರೆಬೇರೆಯಾಗಿ ನೋಡಿದರು. ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆಗೆ ಹಣ ಕೊಟ್ಟರೆ ಒಂದು ಕಿಲೋ ತೂಗಬೇಕು. ಊರಿನ ಹೊರೆಯನ್ನು ಹಂಚುವಾಗ ಲೆಕ್ಕ ಬೇರೆ. ಅಲ್ಲಿ ಶಕ್ತಿಗೆ ತಕ್ಕಂತೆ ಹೊರಬೇಕು. ಹಾಗಾದರೆ ಕಸದ ಹಣ ಯಾವುದು? ಬೆಂಗಳೂರನ್ನು ನೋಡಿ. ಅಲ್ಲಿ ಆಸ್ತಿ ತೆರಿಗೆಯೊಡನೆ ತ್ಯಾಜ್ಯದ ಉಪಕರ ಮೊದಲೇ ಇತ್ತು. 2025ರ ಏಪ್ರಿಲ್‌ನಿಂದ ಬಳಕೆದಾರರ ಶುಲ್ಕವೂ ಸೇರಿತು: 600 ಚದರ ಅಡಿಯವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4000 ಚದರ ಅಡಿ ಮೀರಿದ್ದಕ್ಕೆ 400 ರೂಪಾಯಿ. ಹೆಸರು ಶುಲ್ಕ, ಅಳತೆ ಮಾತ್ರ ಮನೆಯದು, ಕಸದ್ದಲ್ಲ. ಬಡವನಿಗೆ ಕಡಿಮೆಯಾಯಿತೆಂಬುದು ನನಗೆ ಸಂತೋಷವೇ. ಆದರೆ ಶುಲ್ಕವೆಂದು ಕರೆದು ವಸೂಲು ಮಾಡಿದವರು ಸೇವೆಯನ್ನು ಕೇಳಿದಾಗ ಅದು ತೆರಿಗೆ ಎನ್ನುವಂತಿಲ್ಲ.

ಇದು ಬರೀ ಮಾತಿನ ಜಗಳವಲ್ಲ. ನಮ್ಮ ದೇಶಕ್ಕೆ ಗ್ರಾಹಕ ರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. 2019ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂತು. ಹಣ ಕೊಟ್ಟು ಸೇವೆ ಪಡೆದವನೇ ಗ್ರಾಹಕ. ಶಾಸನದಿಂದ ಹುಟ್ಟಿದ ಸಂಸ್ಥೆಗಳ ಸೇವೆಯೂ ಕಾಯಿದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. ತೆರಿಗೆ ಕಟ್ಟಿದ ಮಾತ್ರಕ್ಕೆ ಒಬ್ಬ ಗ್ರಾಹಕನಾಗುವುದಿಲ್ಲವೆಂಬ ತೀರ್ಪುಗಳೂ ಇವೆ. ಆದ್ದರಿಂದಲೇ ರಸೀದಿಯಲ್ಲಿ ಶುಲ್ಕವೆಂದು ಬೇರೆಯಾಗಿ ನಮೂದಾಗಿದ್ದರೆ ದೂರುದಾರನ ವಾದಕ್ಕೆ ಬಲ ಹೆಚ್ಚು. ಹಣ ತಡೆಹಿಡಿದವನ ಕೈಯಲ್ಲಿ ಆ ರಸೀದಿ ಇರುವುದಿಲ್ಲ! ಅವನ ಹೆಸರು ಬಾಕಿದಾರರ ಪಟ್ಟಿಯಲ್ಲಿರುತ್ತದೆ.

ಹಿರಿಯರಿಗೆ ನಾನು ಇದನ್ನೇ ಹೇಳಿದೆ: “ಹಣ ಕಟ್ಟಿ. ಗಾಡಿ ಬಾರದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೆರೆಯವರನ್ನು ಸೇರಿಸಿಕೊಂಡು ಲಿಖಿತ ದೂರು ಕೊಡಿ, ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೇಳದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿ ವಕೀಲರು ಬೇಕೇಬೇಕೆಂದಿಲ್ಲ.” ತಾಳ್ಮೆಯ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಿಕೊಳ್ಳಿರೆಂದು ನಾನು ಯಾರಿಗೂ ಬೋಧಿಸಲಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ನಮ್ಮ ಬೀದಿಗೆ ಗಾಡಿ ಬಂತು. ಅದರಲ್ಲಿದ್ದ ತಾಯಿಯ ಅಂಗೈಗೆ ಬಟ್ಟೆ ಸುತ್ತಿತ್ತು. ಅನ್ನ ಸಾರಿನ ಚೀಲದೊಳಗೆ ಯಾರೋ ಒಡೆದ ಗಾಜಿನ ಲೋಟ ಹಾಕಿದ್ದರಂತೆ. ಹಾಕಿದವರೂ ಶುಲ್ಕ ಕಟ್ಟಿದವರೇ ಇರಬೇಕು. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು ವಿಧಿಸಿದ 2016ರ ಕೇಂದ್ರ ನಿಯಮಗಳೇ ಬಳಕೆದಾರರ ಶುಲ್ಕವನ್ನೂ ಹೇಳಿದ್ದು. ನಾವು ಹಣದ ಮಾತನ್ನು ಕೇಳಿಸಿಕೊಂಡೆವು.

ಸಕ್ಕರೆ ಕೊಳ್ಳುವಾಗ ಅಂಗಡಿಯವನಿಗೂ ನನಗೂ ಲೆಕ್ಕ ಸರಿಹೋದರೆ ಸಾಕು. ಕಸದಲ್ಲಿ ಮೂರನೆಯವರಿದ್ದಾರೆ. 2014ರಲ್ಲಿ ಬೆಂಗಳೂರಿನ ಕಸದ ವಿರುದ್ಧ ಬೀದಿಗಿಳಿದ ಮಂಡೂರಿನ ಜನರಿಗೆ ಯಾವ ನಗರವಾಸಿಯೂ ಹಣ ಬಾಕಿ ಇರಲಿಲ್ಲ. ದುರ್ನಾತ ಮಾತ್ರ ಅವರ ಪಾಲಿಗಿತ್ತು. ಆ ತಾಯಿಯ ಅಂಗೈ ಯಾವ ರಸೀದಿಯಲ್ಲಿ ಬರುತ್ತದೆ?

ಮುಂದಿನ ಭಾನುವಾರ ಹಿರಿಯರು ದೂರಿನ ಕರಡು ತಂದರು. ಹನ್ನೊಂದು ಮನೆಯವರ ಸಹಿ ಇತ್ತು. ಒಂದೆರಡು ಕಡೆ ತಿದ್ದಿದೆ. ನಂತರ ಆ ಗಾಜಿನ ಸಂಗತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈಗವಸು ಕೊಡಬೇಕೆಂದೂ ಇದರಲ್ಲೇ ಸೇರಿಸೋಣವೇ ಫಾದರ್?” ಎಂದರು. ಹಾಳೆಯ ಕೆಳಗೆ ಜಾಗವಿತ್ತು.