*ಇಂದಿನ ಧಮ್ಮ ಚಿಂತನೆ: ಮಂಕಾದದ್ದೆಲ್ಲ ಆರಿಹೋದದ್ದಲ್ಲ*

ಗರುಡ ನಕ್ಷತ್ರಪುಂಜದ ದಿಕ್ಕಿನಲ್ಲಿ ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿ ಇದೆ. ಅದು ಜೊತೆಯ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುತ್ತದೆ. ಒಳಗೆ ಬೀಳುವ ಮುನ್ನ ಆ ಅನಿಲ ಸುತ್ತುತ್ತಾ ಕೋಟಿ ಡಿಗ್ರಿಯಷ್ಟು ಕಾದು ಎಕ್ಸ್-ರೇ ಸೂಸುತ್ತದೆ. ಈ ಕಿರಣಗಳನ್ನು ಭೂಮಿಯ ವಾತಾವರಣ ತಡೆಯುವುದರಿಂದ ದೂರದರ್ಶಕವನ್ನೇ ಮೇಲಕ್ಕೆ ಕಳಿಸಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೊರಟ ನಮ್ಮ ಆಸ್ಟ್ರೋಸ್ಯಾಟ್, ಸುಮಾರು 650 ಕಿ.ಮೀ. ಎತ್ತರದಿಂದ ಇದನ್ನೂ ನೋಡಿದೆ.

1992ರಲ್ಲಿ ಪತ್ತೆಯಾದ ಈ ಮೂಲ ಸೆಕೆಂಡು, ನಿಮಿಷಗಳಲ್ಲೇ ಏರಿಳಿಯುತ್ತಿತ್ತು. ಆದರೂ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಒಟ್ಟಾರೆ ಪ್ರಖರವಾಗಿಯೇ ಉಳಿದಿತ್ತು. 2018ರಲ್ಲಿ ಮಂಕಾಗತೊಡಗಿತು. ಇನ್ನು ಇದರ ಕಥೆ ಮುಗಿಯಿತು ಅನ್ನಬಹುದಿತ್ತು. ಆದರೆ ರೇಡಿಯೋ ದೂರದರ್ಶಕಗಳಲ್ಲಿ ಅದು ಇನ್ನೂ ಭುಗಿಲೇಳುತ್ತಿತ್ತು! ಬರುತ್ತಿದ್ದ ಎಕ್ಸ್-ರೇಯನ್ನು ವಿಂಗಡಿಸಿ ನೋಡಿದಾಗ, ನಡುವೆ ದಟ್ಟ ಅನಿಲ ಅಡ್ಡ ಬಂದಿರುವ ಗುರುತು ಸಿಕ್ಕಿತು. ಬೆಳಕು ಆರಿರಲಿಲ್ಲ, ಮರೆಯಾಗಿತ್ತು.

ಬಂಧುಗಳೇ, ನಮ್ಮ ಜನರನ್ನು ಜಗತ್ತು ಎಷ್ಟು ಕಾಲ ಹೀಗೆಯೇ ಅಳೆಯಿತು? ಓದಲು ಬಿಡಲಿಲ್ಲ, ಆಮೇಲೆ "ಇವರಿಗೆ ಓದು ಹತ್ತುವುದಿಲ್ಲ" ಎಂದಿತು. ಅಡ್ಡ ನಿಂತ ಗೋಡೆಯನ್ನು ಬಿಟ್ಟು ಹುಟ್ಟನ್ನು ದೂರಿತು.

ಬಾಬಾಸಾಹೇಬರು ಅನಿತ್ಯವನ್ನು ಅರಿಯುವುದನ್ನು ಧಮ್ಮದ ಭಾಗವೆಂದೇ ಹೇಳಿದರು. ಮನುಷ್ಯ ಸದಾ ಬದಲಾಗುವವನಾದರೆ, ಯಾರಿಗೂ ಹುಟ್ಟಿನಿಂದ ಹಚ್ಚಿದ ಹಣೆಪಟ್ಟಿ ನಿಲ್ಲುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಎಲ್ಲವೂ ಬದಲಾಗುತ್ತದೆ ಎಂದ ಮೇಲೆ ಅನ್ಯಾಯವೂ ತಾನಾಗಿ ಹೋಗುತ್ತದಲ್ಲ, ಸುಮ್ಮನೆ ಕಾಯಬಾರದೇ? ಬೇಡ. ಬುದ್ಧರು ಅನಿತ್ಯದ ಜೊತೆಗೆ ಕಾರಣವನ್ನೂ ಕಲಿಸಿದರು. ಕಾರಣ ಇರುವವರೆಗೆ ಫಲವೂ ಇರುತ್ತದೆ. ಆಕಾಶದ ಮರೆಯನ್ನು ನಾವು ಸರಿಸಲಾರೆವು. ಮನುಷ್ಯರು ಹಾಕಿದ ಮರೆಯನ್ನು ಮನುಷ್ಯರೇ ಸರಿಸಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಮಾಡಿದ್ದು ಅದನ್ನೇ.

ಈ ಅಳತೆ ನಮಗೂ ಅನ್ವಯಿಸುತ್ತದೆ. ಅಂಕ ಕಡಿಮೆ ಬಂದ ಮಗುವಿಗೆ "ದಡ್ಡ" ಎನ್ನುತ್ತೇವೆ, ವಿಹಾರಕ್ಕೆ ಬರುವುದನ್ನು ಬಿಟ್ಟವರಿಗೆ "ಶ್ರದ್ಧೆ ಇಲ್ಲ" ಎನ್ನುತ್ತೇವೆ. ಒಮ್ಮೆ ನೋಡಿ ತೀರ್ಪು ಕೊಡುವುದು ನಾವು ಬಿಟ್ಟು ಬಂದ ರೋಗವಲ್ಲವೇ?

*ಇಂದಿನ ಅಭ್ಯಾಸ:* ಮಂಕಾಗಿರುವ ಒಬ್ಬರನ್ನು ನೆನೆದು ಫೋನ್ ಮಾಡಿ. "ಯಾಕೆ ಹೀಗಾದಿರಿ?" ಎನ್ನಬೇಡಿ. "ಏನು ಅಡ್ಡ ಬಂದಿದೆ?" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ 🙏