ಸೋಸಿದ ನೀರು, ಸವಳಾದ ನೆಲ

ಶ್ರಾವಕನು ನೀರನ್ನು ಸೋಸಿ ಬಳಸಬೇಕೆಂಬ ವಿಧಿಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಈ ವಿಧಿಗೆ ಉತ್ತರಾರ್ಧವೊಂದುಂಟು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಸೇದಿದೆವೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಮನೆಮನೆಗೆ ನಳ ಬಂದ ಮೇಲೆ ಈ ಎರಡನೆಯ ಭಾಗವು ಬಹುಮಟ್ಟಿಗೆ ಮರೆತುಹೋಗಿದೆ. ನೀರನ್ನು ಪಡೆದವನಿಗೆ ಅದರ ಮೂಲದ ಮೇಲೆ ಋಣವಿದೆಯೆಂಬ ತತ್ತ್ವವು ಅಡಗಿರುವುದು ಈ ಭಾಗದಲ್ಲಿಯೇ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಮರಗಳನ್ನು ಕಡಿಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಪ್ರವಚನಗಳಲ್ಲಿ ಇದಕ್ಕೆ ಕೊಡುವ ಉದಾಹರಣೆ ಸಾಮಾನ್ಯವಾಗಿ ಒಂದು ಚೊಂಬು ನೀರಿನದು. ಕಾಲುವೆಯ ನೀರಿಗೆ ಈ ವ್ರತ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ ಅದನ್ನು ಪಾಲಿಸಬೇಕಾದವರು ಯಾರು?

ಈ ಪ್ರಶ್ನೆಯನ್ನು ಕೇಳಲು ಕೊಪ್ಪಳಕ್ಕಿಂತ ತಕ್ಕ ಸ್ಥಳವಿಲ್ಲ. ನಮಗೆ ಅದು ಪ್ರಾಚೀನ ಕೊಪಣತೀರ್ಥ. ವರಾಂಗಚರಿತದ ಕರ್ತೃ ಜಟಾಸಿಂಹನಂದಿಗಳ ಪಾದಗಳನ್ನು ಕೆತ್ತಿದ ಊರು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಇದರಲ್ಲಿದ್ದವು. ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುತ್ತದೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯನ್ನೇ ನಂಬಿದ ಬೆದ್ದಲು. ಒಂದೆಡೆ ನೀರು ಹೆಚ್ಚಾಗಿ ನೆಲ ಕೆಟ್ಟರೆ, ಇನ್ನೊಂದೆಡೆ ನಿಲ್ಲದೆ ಹರಿಯುವ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

1953ರಲ್ಲಿ ನೀರು ತುಂಬಿದ ತುಂಗಭದ್ರಾ ಯೋಜನೆಯು ಮೂಲತಃ ಬರಗಾಲದಿಂದ ರಕ್ಷಿಸಲು ಹೂಡಿದ ಯೋಜನೆ. ಜೋಳ, ಹತ್ತಿಯಂಥ ಬೆಳೆಗಳಿಗೆ ಅಲ್ಪಸ್ವಲ್ಪ ನೀರನ್ನು ಬಹಳ ಜನರಿಗೆ ಹಂಚುವುದು ಅದರ ಉದ್ದೇಶವಾಗಿತ್ತು. ಭತ್ತ ಬಂದ ಮೇಲೆ ಕಾಲುವೆಯ ತಲೆಭಾಗದವರು ತಮ್ಮ ಪಾಲಿಗಿಂತ ಹೆಚ್ಚು ಪಡೆದರು, ಕೊನೆಭಾಗದವರು ಕಾಯುತ್ತ ಕುಳಿತರು. ಹಾಲೆಂಡಿನ ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯದ ಪೀಟರ್ ಮೋಲಿಂಗಾ 1990ರ ದಶಕದಲ್ಲಿ ಈ ಕಾಲುವೆಯ ನೀರಿನ ಹಂಚಿಕೆಯನ್ನೇ ಅಧ್ಯಯನ ಮಾಡಿ ಗ್ರಂಥವನ್ನು ಬರೆದರು. ಅದತ್ತಾದಾನವೆಂದರೆ ಸಂದೂಕದಿಂದ ಕದ್ದದ್ದು ಮಾತ್ರವೆಂದು ತಿಳಿದವರು ಈ ಸಂಗತಿಯನ್ನು ಸ್ವಲ್ಪ ವಿಚಾರಿಸಬೇಕು.

ಹೆಚ್ಚು ನೀರು ಪಡೆದವನಿಗೂ ಸುಖವಾಗಲಿಲ್ಲ. ಕಪ್ಪು ಭೂಮಿಯಲ್ಲಿ ನೀರು ಬೇಗನೆ ಬಸಿಯದು. ವರ್ಷಗಳು ಕಳೆದಂತೆ ಅಂತರ್ಜಲವು ಮೇಲೇರಿ, ಕೆಳಪದರದ ಲವಣವನ್ನು ಕರಗಿಸಿಕೊಂಡು ಬೇರಿನ ಮಟ್ಟಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ಉಳಿಯುತ್ತದೆ. ನಮ್ಮ ಕಡೆ ಇದನ್ನು ಸವಳು-ಜವಳು ಎನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಹರಿದುಹೋಗುವ ನೀರನ್ನು ನೋಡಿ ನಾಡೇ ಮರುಗಿತು. ಗದ್ದೆಯಲ್ಲಿ ಹೆಚ್ಚಾಗಿ ನಿಂತು ನೆಲವನ್ನು ಕೆಡಿಸುವ ನೀರಿಗೆ ಮರುಗುವವರಿಲ್ಲ, ಏಕೆಂದರೆ ಅದು ಸದ್ದು ಮಾಡುವುದಿಲ್ಲ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಬಹುಕಾಲದಿಂದ ಈ ರೋಗಕ್ಕೆ ಮದ್ದು ಹುಡುಕುತ್ತಿದೆ. ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕೇಂದ್ರವಿದು. 2009ರಲ್ಲಿ ರಾಯಚೂರಿನ ವಿಶ್ವವಿದ್ಯಾಲಯವಾದ ಮೇಲೆ ಅದಕ್ಕೆ ಸೇರಿತು. ಕರ್ನಾಲಿನ ಕೇಂದ್ರೀಯ ಲವಣಮಣ್ಣು ಸಂಶೋಧನಾ ಸಂಸ್ಥೆಯೂ ಡಚ್ ತಜ್ಞರೂ ಸೇರಿ 2002ರವರೆಗೆ ನಡೆಸಿದ ಸಹಯೋಗದಲ್ಲಿ ಗುಂಡೂರಿನ ರೈತರ ಹೊಲಗಳ ಅಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ಬಸಿಗಾಲುವೆಗಳ ಪರೀಕ್ಷೆ ನಡೆಯಿತು. ಉಪ್ಪು ಬಸಿದು ಹೋಗುತ್ತದೆ, ನೆಲ ಚೇತರಿಸುತ್ತದೆ. ಆದರೆ ಒಬ್ಬ ರೈತನು ತನ್ನ ಹೊಲಕ್ಕಷ್ಟೇ ಇದನ್ನು ಮಾಡಿಕೊಳ್ಳಲಾರ. ಕೂಡುಕೊಳವೆಯು ನೆರೆಯವನ ನೆಲದಲ್ಲಿ ಹಾಯಬೇಕು, ಹಳ್ಳಕ್ಕೆ ದಾರಿಯಾಗಬೇಕು, ಹೂಳು ತುಂಬಿದರೆ ಎಲ್ಲರೂ ಕೂಡಿ ತೆಗೆಯಬೇಕು.

ನಾನು ಹೇಳಬೇಕೆಂದಿರುವ ಮಾತು ಇಲ್ಲಿಯೇ ಇದೆ. ನಮ್ಮ ಅಣುವ್ರತಗಳನ್ನು ಒಬ್ಬೊಬ್ಬನು ತನ್ನ ಆತ್ಮಕ್ಕಾಗಿ ಸ್ವೀಕರಿಸುತ್ತಾನೆ. ನೆಲದಡಿಯ ನೀರಾದರೋ ಯಾರ ಬದುವನ್ನೂ ಲೆಕ್ಕಿಸದು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಸಂಯಮಿಗಳಾಗಿದ್ದು ಹತ್ತನೆಯವನು ಮಡಿಯಲ್ಲಿ ನೀರನ್ನು ಸದಾ ನಿಲ್ಲಿಸಿದರೆ ಒಂಬತ್ತು ಹೊಲಗಳೂ ಜವಳಾಗುತ್ತವೆ. ಆದುದರಿಂದ ಈ ವಿಷಯದಲ್ಲಿ ವ್ರತವನ್ನು ಕೂಡಿಯೇ ಪಾಲಿಸಬೇಕಾಗುತ್ತದೆ. ಆದಿನಾಥರು ಕರ್ಮಭೂಮಿಯ ಜನರಿಗೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ಕೃಷಿ, ವಿದ್ಯೆ, ವಾಣಿಜ್ಯ ಮೂರೂ ಅಕ್ಕಪಕ್ಕದಲ್ಲಿವೆ ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

‘ನಾವು ಅಂಗಡಿಕಾರರು, ನೇಗಿಲು ಹಿಡಿದವರಲ್ಲ’ ಎಂದು ನಮ್ಮವರು ಹೇಳುವುದುಂಟು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನು ಬಾಯಿಪಾಠ ಮಾಡಿದವರಿಗೆ ಈ ಉತ್ತರ ಶೋಭಿಸದು. ಭತ್ತಕ್ಕೆ ಮುಂಗಡ ಕೊಟ್ಟು ಎರಡನೆಯ ಬೆಳೆಯನ್ನೂ ಭತ್ತವೇ ಹಾಕೆಂದು ಸೂಚಿಸುವ ವ್ಯಾಪಾರಿಯು ಕಾರಿತದಲ್ಲಿ ಪಾಲುಗಾರನು.

ಬೆದ್ದಲು ನಾಡಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2012ರಲ್ಲಿ ಆರಂಭವಾದ ಸುಜಲಾ ಮೂರನೆಯ ಹಂತದಲ್ಲಿ ಜಲಾನಯನ ಇಲಾಖೆಯು ಕೃಷಿ ವಿಶ್ವವಿದ್ಯಾಲಯಗಳನ್ನೂ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯನ್ನೂ ಕೂಡಿಸಿಕೊಂಡು ಕೊಪ್ಪಳವೂ ಸೇರಿದಂತೆ ಹಲವು ಜಿಲ್ಲೆಗಳ ಕಿರುಜಲಾನಯನಗಳ ಮಣ್ಣನ್ನು ಅಳೆಯಿಸಿತು. ಮಣ್ಣಿನ ಆಳವೆಷ್ಟು, ಇಳಿಜಾರೆಷ್ಟು, ಯಾವ ಬೆಳೆ ಸೂಕ್ತ ಎಂಬ ನಕ್ಷೆಗಳು ಸಿದ್ಧವಾದವು. ಅವುಗಳ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಎಣಿಸಿದ ಸಮಾಜವು ಒಂದೊಂದು ಹಳ್ಳಿಯ ನಕ್ಷೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದರೆ ಅದೂ ಶಾಸ್ತ್ರದಾನವೇ. ಹೊಲವನ್ನು ಪರೀಕ್ಷೆಗೆ ಬಿಟ್ಟುಕೊಟ್ಟ ರೈತನೂ ದಾನಿಯೇ. ಬೆಳೆ ಕೆಟ್ಟರೆ ನಷ್ಟ ಅವನದು, ಪ್ರಬಂಧದಲ್ಲಿ ಹೆಸರು ಮಾತ್ರ ಬೇರೆಯವರದು. ಯೋಜನೆಯ ಅವಧಿ ಮುಗಿದೊಡನೆ ಸಂಬಂಧವೂ ಮುಗಿಯಿತೆನ್ನುವುದು ವಿದ್ಯಾಸಂಸ್ಥೆಗಳಿಗೆ ಒಪ್ಪುವ ನಡತೆಯಲ್ಲ.

ಇನ್ನೊಂದು ತೊಡಕುಂಟು. ಬಸಿದ ಉಪ್ಪುನೀರು ಹಳ್ಳದ ಮೂಲಕ ನದಿಗೇ ಸೇರುತ್ತದೆ. ಸೋಸಿದ್ದನ್ನು ಬಾವಿಗೆ ಮರಳಿಸುವುದು ಜೀವದಯೆ. ಉಪ್ಪನ್ನು ಹೊಳೆಗೆ ಮರಳಿಸುವುದು ಕೆಳಗಿನವರಿಗೆ ಪೀಡೆ. ಗಂಗಾವತಿಯ ಕೇಂದ್ರದವರು ಕೊಳವೆಯ ಬಾಯಿಯನ್ನು ಅಗತ್ಯವಿದ್ದಾಗ ಮಾತ್ರ ತೆರೆಯುವ ಕ್ರಮವನ್ನು ಪರೀಕ್ಷಿಸಿದ್ದಾರೆ. ಇದರಿಂದ ನೀರಿನೊಡನೆ ಗೊಬ್ಬರದ ಸಾರವೂ ಉಳಿಯುತ್ತದೆ. ಆದರೂ ಮೊದಲೇ ಕಡಿಮೆ ನೀರನ್ನು ಪಡೆಯುವುದಕ್ಕಿಂತ ನಿರ್ದೋಷವಾದ ಮಾರ್ಗ ನನಗೆ ತೋರದು.

ಅಚ್ಚುಕಟ್ಟಿನಲ್ಲಿ ಭೂಮಿಯುಳ್ಳ ಬಸದಿಯ ಟ್ರಸ್ಟುಗಳಿಗೆ ಒಂದು ವಿಜ್ಞಾಪನೆ. ವರ್ಷವರ್ಷವೂ ಹೆಚ್ಚು ಹಣ ಕೂಗಿದವನಿಗೆ ಲಾವಣಿ ಕೊಟ್ಟರೆ, ಒಂದು ವರ್ಷಕ್ಕಷ್ಟೇ ನೆಲ ಪಡೆದವನು ಹಲವು ವರ್ಷಗಳಿಗೆ ಫಲ ಕೊಡುವ ಬಸಿಗಾಲುವೆಯನ್ನು ಏಕೆ ತೋಡಿಯಾನು? ಆ ವೆಚ್ಚವನ್ನು ಟ್ರಸ್ಟೇ ಹೊತ್ತು, ನೆಲವನ್ನು ದೀರ್ಘಾವಧಿಯ ಪರೀಕ್ಷೆಗೆಂದು ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಬಹುದು. ಕೊಳವೆಯ ಬಾಯಿ ಯಾವ ಹಳ್ಳಕ್ಕೆ ತೆರೆಯುತ್ತದೆ, ಆ ಹಳ್ಳದ ನೀರನ್ನು ಕೆಳಗೆ ಯಾವ ಊರಿನವರು ಬಳಸುತ್ತಾರೆ ಎಂಬುದನ್ನೂ ಆಗ ಠರಾವಿನಲ್ಲಿಯೇ ಬರೆದಿಡಬೇಕು.